ಸೂರಿನ ಕೆಳಗಿನ ಪ್ರಾಣಿ

ಹೋದ ಚಳಿಗಾಲದಲ್ಲಿ ದೋಹಾದ ಅಲ್ ಹಿಲಾಲ್ ಕಡೆ ಹೋಗುವ ಕೆಲಸ ಬಿತ್ತು. ನನ್ನ ಚಿಕ್ಕಂದಿನಲ್ಲಿ ನಾವು ಇದ್ದ ವಿಲ್ಲಾವನ್ನು ಕೆಡವುತ್ತಿದ್ದರು. ಮುಂದಿನ ಗೋಡೆ ಆಗಲೇ ಹೋಗಿತ್ತು. ಒಳಗಿನ ಹಾಲ್ ರಸ್ತೆಗೆ ಕಾಣುತ್ತಿತ್ತು. ಕಾರು ನಿಲ್ಲಿಸಿದೆ, ಇಳಿಯಲಿಲ್ಲ. ಅಲ್ ಗರಾಫಾದ ನನ್ನ ಮನೆ ಸೇರಿ ಕಾಗದ ಹಿಡಿದು ಕುಳಿತೆ. ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಮರೆತದ್ದನ್ನು ಮರೆತಿದ್ದೇನೆ ಎನ್ನಬೇಕು. ಆ ಹಾಲ್‌ನ ಗೋಡೆಗೆ ಯಾವ ಬಣ್ಣ ಇತ್ತು ಎಂಬುದು, ಉದಾಹರಣೆಗೆ, ನನಗೆ ನೆನಪಿಲ್ಲ. ಆ ಗೋಡೆಯ ಮೇಲೆ ಏನಿತ್ತು ಎಂಬುದು ಚೆನ್ನಾಗಿ ನೆನಪಿದೆ.

ಮಾಲೀಕ ಆ ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದ. ನಮ್ಮ ಪಾಲಿಗೆ ಬಂದದ್ದು ಹಿಂದೆ ಯಾರದೋ ಮಜ್ಲಿಸ್, ಅಂದರೆ ಅತಿಥಿಗಳ ಕೋಣೆ, ಆಗಿದ್ದ ಉದ್ದದ ಹಾಲ್, ಎರಡು ಮಲಗುವ ಕೋಣೆ, ಹಿತ್ತಲಿಗೆ ಶೀಟು ಹೊದಿಸಿ ಮಾಡಿದ ಅಡುಗೆಮನೆ. ಒಂದು ಕೋಣೆ ಉಪ್ಪ, ಉಮ್ಮ ಮತ್ತು ನನ್ನದು. ಇನ್ನೊಂದು ಮೂತಾಪನದು. ಮೂತಾಪ ಎಂದರೆ ನನ್ನ ಉಪ್ಪನ, ಅಂದರೆ ತಂದೆಯ, ಅಣ್ಣ. ದೋಹಾ ಅಲ್ ಜದೀದಾದಲ್ಲಿ ಅವರಿಗೆ ಪಾತ್ರೆ ಅಂಗಡಿ ಇತ್ತು. ಉಪ್ಪನನ್ನು ಊರಿನಿಂದ ಕರೆಸಿ ಅಂಗಡಿಯಲ್ಲಿ ಕೂರಿಸಿಕೊಂಡವರು ಅವರು. ಅವರ ಹೆಂಡತಿ ಮಕ್ಕಳು ಮಂಗಳೂರಿನಲ್ಲಿದ್ದರು. ಊಟ, ನಮಾಜು, ಚಹಾ ಎಲ್ಲ ನಮ್ಮ ಜೊತೆಗೇ. ಮಧ್ಯಾಹ್ನ ಅಂಗಡಿ ಮುಚ್ಚಿ ಅಣ್ಣತಮ್ಮ ಇಬ್ಬರೂ ಬರುತ್ತಿದ್ದರು, ಉಂಡು ಮಲಗಿ, ಅಸರ್ ನಮಾಜು ಮುಗಿಸಿ ಮತ್ತೆ ಹೋಗುತ್ತಿದ್ದರು. ಅವರು ಮಲಗಿದ್ದಷ್ಟು ಹೊತ್ತು ಮನೆಯಲ್ಲಿ ಎಸಿಯ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಉಮ್ಮ ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದಳು, ನಾನು ಕನ್ನಡ ಬರೆಯುತ್ತಿದ್ದೆ. ಶಾಲೆಯಲ್ಲಿ ನನಗೆ ಇಂಗ್ಲಿಷ್, ಹಿಂದಿ, ಸ್ವಲ್ಪ ಅರಬಿ, ಮನೆಮಾತು ಬ್ಯಾರಿ. ಉಮ್ಮ ಏಳನೆಯ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಆ ಅಕ್ಷರ ತನ್ನ ಜೊತೆಯೇ ಮುಗಿಯಬಾರದು ಎಂದು ಅವಳ ಹಟ. ಈ ಪುಟಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದು ಅದರಿಂದ. ಇಲ್ಲಿನ ಮಾತುಗಳೆಲ್ಲ ಆಗ ಬ್ಯಾರಿಯಲ್ಲಿ ಆಡಿದವು.

ಮೂತಾಪ ಉಮ್ಮನ ಜೊತೆ ನೇರ ಮಾತಾಡುತ್ತಿರಲಿಲ್ಲ. ಜಗಳವೇನೂ ಅಲ್ಲ, ಅದು ಮರ್ಯಾದೆ. ತಮ್ಮನ ಹೆಂಡತಿಗೆ ಏನು ಹೇಳುವುದಿದ್ದರೂ ತಮ್ಮನ ಮೂಲಕ, ಅವನಿಲ್ಲದಿದ್ದರೆ ಮಗುವಿನ ಮೂಲಕ. ಇಬ್ಬರೂ ಊಟಕ್ಕೆ ನೆಲದ ಮೇಲೆ ಹಾಸಿದ ಒಂದೇ ಸುಪ್ರದ ಆಚೆ ಈಚೆ ಇರುತ್ತಿದ್ದರು. ಸಾರಿಗೆ ಉಪ್ಪು ಸಾಲದು ಎಂದು ಅವರು ನನಗೆ ಹೇಳಬೇಕು, ನಾನು ಉಮ್ಮನಿಗೆ ಹೇಳಬೇಕು, ಅವಳು ಉಪ್ಪಿನ ಡಬ್ಬಿ ನನಗೆ ಕೊಡಬೇಕು. ಮೂತಾಪ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಅಂಗಡಿಗೆ ಬೀಗ ಹಾಕಿ ಬಂದು ಹಣೆಗೆ ಬಟ್ಟೆ ಒತ್ತಿದವರು ಅವರು. ಆದರೆ ಕೆಲವು ವಿಷಯದಲ್ಲಿ ಬಹಳ ಖಡಕ್. ಜೀವ ಇರುವುದರ ಚಿತ್ರ ಮನೆಯ ಗೋಡೆಯಲ್ಲಿ ಇರಬಾರದು, ಇದ್ದರೆ ದೇವದೂತರಾದ ಮಲಕ್‌ಗಳು ಒಳಗೆ ಬರುವುದಿಲ್ಲ. ಹಾಲಿನ ಪುಡಿಯ ಡಬ್ಬಿಯ ಮೇಲೆ ನಗುತ್ತಿದ್ದ ಮಗುವಿನ ಮುಖವನ್ನು ಅವರು ದಿನಾ ಗೋಡೆ ಕಡೆ ತಿರುಗಿಸಿ ಇಡುತ್ತಿದ್ದರು. ಉಮ್ಮ ದಿನಾ ಚಹಾ ಮಾಡುವಾಗ ಈಚೆ ತಿರುಗಿಸುತ್ತಿದ್ದಳು.

ಆಚೆ ಮನೆಗೆ ಜಪಾನಿನ ದಂಪತಿ ಬಂದದ್ದು ಒಂದು ರಂಜಾನಿನ ಮೊದಲು. ಗಂಡ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್, ವಾರದಲ್ಲಿ ಹೆಚ್ಚು ದಿನ ಉತ್ತರದ ಸೈಟಿನಲ್ಲೇ ಇರುತ್ತಿದ್ದರು. ಹೆಂಡತಿಯ ಹೆಸರು ಹಾರುಕೊ. ಉಮ್ಮನಿಗೆ ಆ ಹೆಸರು ಕೇಳಿ ನಗು ತಡೆಯಲಾಗಲಿಲ್ಲ. ಕನ್ನಡದಲ್ಲಿ ಯಾರೋ ಯಾರಿಗೋ ಹಾರು ಎಂದು ಹೇಳಿದ ಹಾಗಿದೆ ಎಂದಳು. ನೋಂಬು ಬಿಡುವ ಹೊತ್ತಿಗೆ ನೆರೆಮನೆಗೆ ತಟ್ಟೆ ಕಳಿಸುವುದು ನಮ್ಮಲ್ಲಿ ರೂಢಿ. ಉಮ್ಮ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಹಮೂರ್ ಮೀನಿನ ಸಾರು ಕೊಟ್ಟು ನನ್ನನ್ನು ಕಳಿಸಿದಳು. ಬಂದ ತಟ್ಟೆಯನ್ನು ಖಾಲಿ ಮರಳಿಸಬಾರದು ಎಂಬುದು ಅವರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಮರುದಿನ ತಟ್ಟೆ ತೊಳೆದು ಒರೆಸಿ ತಂದರು. ಅದರ ಮೇಲೆ ಮಡಚಿದ ತೆಳುವಾದ ಕಾಗದ. ಬಿಡಿಸಿದರೆ ಕಪ್ಪು ಶಾಯಿಯಲ್ಲಿ ದಪ್ಪ ಕುಂಚದಿಂದ ಎಳೆದ ಒಂದೇ ಒಂದು ಆಕಾರ. ನನಗೆ ಏನೂ ತಿಳಿಯಲಿಲ್ಲ. ಉಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಒಂದು ಸಲ ನೋಡಿದಳು.

"ಮೀನು. ನಾನು ಕೊಟ್ಟದ್ದು ಹಮೂರ್, ಇವರು ಕೊಟ್ಟದ್ದು ಮಾಂಜಿ. ಹೊಟ್ಟೆ ನೋಡು ಎಷ್ಟು ಅಗಲ ಉಂಟು."

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಹಾರುಕೊ ಆಂಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಹೌದು, ಮೀನು. ಈಗ ಬರೆಯುವ ರೀತಿಯದಲ್ಲ. ಚೀನಾದಲ್ಲಿ ಬಹಳ ಹಿಂದೆ ಎಲುಬಿನ ಮೇಲೆ, ಆಮೆಯ ಚಿಪ್ಪಿನ ಮೇಲೆ, ಕಂಚಿನ ಪಾತ್ರೆಗಳ ಮೇಲೆ ಕೊರೆಯುತ್ತಿದ್ದ ಅಕ್ಷರ. ಅವರು ಜಪಾನಿನಲ್ಲಿ ಒಬ್ಬ ವಯಸ್ಸಾದ ಗುರುವಿನ ಬಳಿ ಅದನ್ನು ಕುಂಚದಲ್ಲಿ ಬರೆಯಲು ಕಲಿತವರು. ಈಗ ಜಪಾನಿನಲ್ಲೂ ಯಾರಿಗೂ ಇದನ್ನು ನೋಡಿದ ಕೂಡಲೇ ಓದಲು ಬರುವುದಿಲ್ಲ, ನಿನ್ನ ತಾಯಿಗೆ ಬಂತು ಎಂದರು. ಅದನ್ನು ನಾನು ಬ್ಯಾರಿಗೆ ತಿರುಗಿಸಿದಾಗ ಉಮ್ಮ ಕಾಗದವನ್ನು ಇನ್ನೊಮ್ಮೆ ನೋಡಿದಳು. ಓದು ಬಲ್ಲವಳು ಎಂದು ಅವಳನ್ನು ಯಾರೂ ಹೊಗಳಿದ್ದು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಹೀಗೆ ಆರಂಭವಾಯಿತು. ಗಂಡಸರು ಅಸರ್ ಮುಗಿಸಿ ಅಂಗಡಿಗೆ ಹೋದ ಮೇಲೆ ಉಮ್ಮ ಅಬಾಯಾ ಹಾಕಿಕೊಂಡು ನನ್ನನ್ನು ಕರೆದುಕೊಂಡು ಆಚೆ ಮನೆಗೆ ಹೋಗುತ್ತಿದ್ದಳು. ನಡುವೆ ಇದ್ದದ್ದು ಒಂದು ರಸ್ತೆ, ದಿನಸಿ ಮಾರುವ ಒಂದು ಬಖಾಲ. ಉಪ್ಪನಾಗಲಿ ಮೂತಾಪನಾಗಲಿ ಜೊತೆಗಿಲ್ಲದೆ ಅವಳು ಈ ದೇಶದಲ್ಲಿ ಹೋಗುತ್ತಿದ್ದ ಜಾಗ ಅದೊಂದೇ. ಹಾರುಕೊ ಆಂಟಿ ನೆಲದ ಮೇಲೆ ಕಪ್ಪು ದಪ್ಪ ಬಟ್ಟೆ ಹಾಸಿ ಅದರ ಮೇಲೆ ಕಾಗದ ಹಾಸುತ್ತಿದ್ದರು. ಶಾಯಿ ಒಂದು ಕಡ್ಡಿ. ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಆ ಕೆಲಸ ಉಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ, ಮಕ್ಕಳಿಗೆ ಬಜೆ ತೇದು ನೆಕ್ಕಿಸಿದ ಕೈ. ಗೆರೆ ಮಾತ್ರ ಕಷ್ಟ. ಕುಂಚದ ತುದಿ ಗೆರೆಯ ನಡುವೆಯೇ ನಡೆಯಬೇಕು, ಬದಿಗೆ ಬರಬಾರದು. ಮುಂದೆ ಎಳೆಯುವ ಮೊದಲು ಒಂದಿಷ್ಟು ಹಿಂದೆ ಹೋಗಿ ತುದಿಯನ್ನು ಒಳಗೆ ಅಡಗಿಸಿಕೊಳ್ಳಬೇಕು. ಹೊಲಿಯುವಾಗ ಗಂಟು ಹಾಕದೆ ಹಿಂದಕ್ಕೊಂದು ಹೊಲಿಗೆ ಹಾಕುವುದಿಲ್ಲವಾ, ಹಾಗೆ ಎಂದು ಉಮ್ಮ ತನಗೆ ತಾನೇ ಹೇಳಿಕೊಂಡಳು. ಒಮ್ಮೆ ಎಳೆದದ್ದನ್ನು ತಿದ್ದುವ ಹಾಗಿಲ್ಲ. ತಪ್ಪಿದರೆ ಬೇರೆ ಕಾಗದ. ಅವಳು ಉಸಿರು ಹಿಡಿದು ಎಳೆಯುತ್ತಿದ್ದಳು, ಎಳೆದು ಮುಗಿದ ಮೇಲೆ ಭುಜ ಇಳಿಯುತ್ತಿತ್ತು. ಮನೆಯಲ್ಲಿ ಆ ಭುಜ ಅಷ್ಟು ಇಳಿದದ್ದು ನಾನು ನೋಡಿಲ್ಲ.

ಹಾರುಕೊ ಆಂಟಿ ಒಂದು ದಿನ ತಾವೇ ಬರೆದ ದೊಡ್ಡ ಹಾಳೆಯನ್ನು ಚೌಕಟ್ಟು ಹಾಕಿಸಿ ತಂದುಕೊಟ್ಟರು. ಮೇಲೆ ಎರಡು ಕಡೆ ಇಳಿಯುವ ಸೂರು, ಪಕ್ಕಕ್ಕೆ ಗೋಡೆ, ಒಳಗೆ ನೆಟ್ಟಗೆ ನಿಂತ ಒಂದು ಪ್ರಾಣಿ. ಹೊಟ್ಟೆ, ಒಂದು ಬದಿಗೆ ಕಾಲುಗಳು, ಕೆಳಗೆ ಬಾಲ. "ಹೌಸ್. ಹೋಮ್," ಎಂದರು. ನಾನು ಮನೆ ಎಂದೆ. ಒಳಗಿರುವುದು ಏನು ಎಂದು ಕೇಳುವ ಅಗತ್ಯ ಉಮ್ಮನಿಗೆ ಕಾಣಲಿಲ್ಲ. ಅದು ಆಡು. ಹಿಂಗಾಲ ಮೇಲೆ ಎದ್ದು ನಿಂತು ಹಲಸಿನ ಎಲೆಗೆ ಬಾಯಿ ಹಾಕುತ್ತಿದೆ. ಊರಲ್ಲಿ ಅವಳ ತಾಯಿ ಸಾಕಿದ್ದ ಆಡುಗಳು ಹಾಗೆಯೇ ಮಾಡುತ್ತಿದ್ದವು, ಮನೆಯೊಳಗೇ ಮಲಗುತ್ತಿದ್ದವು. ಮನೆ ಎಂಬುದಕ್ಕೆ ಇದಕ್ಕಿಂತ ಸರಿಯಾದ ಅಕ್ಷರ ಬೇರೆ ಉಂಟಾ ಎಂದಳು. ಮೀನನ್ನು ಓದಿದವಳಿಗೆ ಆಡನ್ನು ಓದುವುದು ಕಷ್ಟವೇ? ಉಪ್ಪ ಹಾಲ್‌ನಲ್ಲಿ ಮೊಳೆ ಹೊಡೆದು ತೂಗುಹಾಕಿದರು. ಅಂದು ಮಧ್ಯಾಹ್ನ ಉಪ್ಪನಿಗಿಂತ ತಡವಾಗಿ ಬಂದ ಮೂತಾಪ ಅದರ ಮುಂದೆ ನಿಂತು, ನನ್ನ ಕಡೆ ತಿರುಗಿದರು.

"ಇದು ಅಕ್ಷರವಾ ಚಿತ್ರವಾ ಕೇಳು."

"ಅಕ್ಷರ ಅಂತ ಹೇಳು," ಎಂದಳು ಉಮ್ಮ ಅಡುಗೆಮನೆಯ ಬಾಗಿಲಿನಿಂದ.

"ಅಕ್ಷರಕ್ಕೆ ಬಾಲ ಯಾಕೆ ಉಂಟು ಕೇಳು."

"ಕನ್ನಡದ ಒತ್ತಕ್ಷರಕ್ಕೆ ಬಾಲ ಇಲ್ಲವಾ ಅಂತ ಕೇಳು."

ಮೂತಾಪ ಬೆರಳಿನಿಂದ ಗಾಳಿಯಲ್ಲಿ ಒಂದು ಒತ್ತು ಬರೆದು ನೋಡಿದರು. ಅವರೂ ಕನ್ನಡ ಶಾಲೆಯಲ್ಲೇ ಓದಿದವರು. ಅಕ್ಷರವಾದರೆ ಇರಲಿ ಎಂದರು. ಆಮೇಲೆ ಅವರಿಗೂ ಅದು ಇಷ್ಟವಾಗುತ್ತ ಬಂತು. ಅಂಗಡಿಯ ಗೆಳೆಯರು ಬಂದಾಗ ಬೆರಳು ತೋರಿಸಿ, ಮನೆ ಎಂದರೆ ಆಡು ಇರಬೇಕು, ಜಪಾನಿನವರಿಗೂ ಇದು ಗೊತ್ತಿತ್ತು ಎನ್ನುತ್ತಿದ್ದರು.

ಬಕ್ರೀದಿಗೆ ಹಾರುಕೊ ಆಂಟಿಯನ್ನೂ ಅವರ ಗಂಡನನ್ನೂ ಊಟಕ್ಕೆ ಕರೆದದ್ದು ಮೂತಾಪನೇ. ಹಾಲ್ ತುಂಬ ಊರಿನವರಿದ್ದರು. ಬಿರಿಯಾನಿಯ ದೊಡ್ಡ ತಟ್ಟೆಗಳ ಸುತ್ತ ಗಂಡಸರು. ಹೆಂಗಸರು, ಹಾರುಕೊ ಆಂಟಿಯೂ, ನಮ್ಮ ಕೋಣೆಯಲ್ಲಿ. ನಾನು ನೀರಿನ ಜಗ್ ಹಿಡಿದು ಎರಡೂ ಕಡೆ ಓಡಾಡುತ್ತಿದ್ದೆ. ಹಾಗಾಗಿ ಅದನ್ನು ನಾನು ಕಂಡೆ. ಮೂತಾಪ ಅತಿಥಿಯ ತಟ್ಟೆಗೆ ಮಾಂಸದ ದೊಡ್ಡ ತುಂಡು ಹಾಕಿ, ಗೋಡೆ ತೋರಿಸಿ, ತಮ್ಮ ಅಂಗಡಿಯ ಇಂಗ್ಲಿಷಿನಲ್ಲಿ, ನಿಮ್ಮ ಹೆಂಡತಿ ಬರೆದ ಗೋಟ್ ಅಲ್ಲಿ, ನಮ್ಮ ಗೋಟ್ ಇಲ್ಲಿ ಎಂದು ನಕ್ಕರು. ಹಾರುಕೊ ಆಂಟಿಯ ಗಂಡನೂ ನಕ್ಕರು. ತಿದ್ದಬೇಕೆಂದು ಅವರು ತಿದ್ದಿದ್ದಲ್ಲ. ತಮ್ಮ ದೇಶದ ಒಂದು ಸಂಗತಿ ಹೇಳುವ ಸಂತೋಷದಲ್ಲಿ ಹೇಳಿದರು. ಗೋಟ್ ಅಲ್ಲ. ಮೇಲೆ ರೂಫ್, ಕೆಳಗೆ ಪಿಗ್. ಹಿಂದಿನ ಕಾಲದಲ್ಲಿ ಸೂರಿನ ಕೆಳಗೆ ಹಂದಿ ಇದ್ದರೆ ಅದು ಮನೆ.

ಆ ಒಂದು ಪದಕ್ಕೆ ಯಾರಿಗೂ ನನ್ನ ಅನುವಾದ ಬೇಕಿರಲಿಲ್ಲ. ತಟ್ಟೆಗಳ ಮೇಲೆ ಕೈಗಳು ನಿಂತವು. ಯಾರೋ ಒಬ್ಬರು ಗೋಡೆ ನೋಡಿದರು, ಕೂಡಲೇ ನೋಡದವರ ಹಾಗೆ ತಲೆ ತಗ್ಗಿಸಿದರು. ಮೂತಾಪನ ಮುಖ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ಅವರು ಮಾಡಿದ್ದನ್ನು ನಾನು ಈಗಲೂ ಗೌರವದಿಂದ ನೆನೆಯುತ್ತೇನೆ. ಅತಿಥಿಯ ತಟ್ಟೆಗೆ ಇನ್ನೊಂದು ತುಂಡು ಹಾಕಿದರು, ತಿನ್ನಿ ತಿನ್ನಿ, ಯಲ್ಲಾ ಎಂದರು, ಸೈಟಿನ ಸೆಕೆಯ ಬಗ್ಗೆ ಕೇಳಿದರು. ಕೊನೆಯ ಅತಿಥಿ ಚಪ್ಪಲಿ ಮೆಟ್ಟುವವರೆಗೂ ಅವರ ದನಿ ಬದಲಾಗಲಿಲ್ಲ. ಬಾಗಿಲು ಹಾಕಿ ಬಂದು, ಕುರ್ಚಿ ಎಳೆದು ಹತ್ತಿ, ಚೌಕಟ್ಟನ್ನು ತಾವೇ ಇಳಿಸಿದರು. ಬಿಸಾಡಲಿಲ್ಲ. ಮುಖ ಕೆಳಗಾಗದಂತೆ ಗೋಡೆಗೆ ಒರಗಿಸಿ ಇಟ್ಟು, ನನ್ನನ್ನು ಕರೆದರು.

"ಇದರಲ್ಲಿ ನಿನ್ನ ಉಮ್ಮನದ್ದೇನೂ ತಪ್ಪಿಲ್ಲ ಅಂತ ಹೇಳು. ಆದರೆ ಆ ಮನೆಗೆ ಹೋಗುದು ಇನ್ನು ಸಾಕು. ಖಲಾಸ್."

ಉಮ್ಮ ಅಲ್ಲೇ ಇದ್ದಳು, ಎಲುಬು ತುಂಬಿದ ತಟ್ಟೆ ಹಿಡಿದುಕೊಂಡು. ನಾನು ಹೇಳಲೋ ಬೇಡವೋ ಎಂದು ನಿಂತೆ. ಉಪ್ಪ ಖಾಲಿ ಗ್ಲಾಸುಗಳನ್ನು ಒಂದರೊಳಗೊಂದು ಇಡುತ್ತಿದ್ದರು, ಇಡುತ್ತಲೇ ಇದ್ದರು. ಅಣ್ಣನ ಎದುರು ಉಪ್ಪ ಮಾತಾಡಿದ್ದು ಅಲ್ಲಿಯವರೆಗೆ ಇಲ್ಲ.

ಆಮೇಲಿನ ದಿನಗಳಲ್ಲಿ ಉಮ್ಮ ಅಳಲಿಲ್ಲ, ದೂರಲಿಲ್ಲ. ಅಸರ್ ಆಗುತ್ತಿದ್ದಂತೆ ಅಬಾಯಾವನ್ನು ಗೂಟದಿಂದ ತೆಗೆದು ಹಾಕಿಕೊಳ್ಳುತ್ತಿದ್ದಳು, ಸ್ವಲ್ಪ ಹೊತ್ತು ಹಾಸಿಗೆಯ ತುದಿಯಲ್ಲಿ ಕುಳಿತಿರುತ್ತಿದ್ದಳು, ಮತ್ತೆ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದಳು. ಬೇಸರವಾ ಎಂದು ನಾನು ಕೇಳಿದಾಗ, ಹಂದಿಯನ್ನು ಆಡು ಅಂದದ್ದಕ್ಕೆ ನಾಚಿಕೆ ಎಂದಳು. ಅದು ಪೂರ್ತಿ ನಿಜವಲ್ಲ ಎಂದು ನನಗೆ ಆಗಲೂ ಅನಿಸಿತ್ತು. ಕಿಟಕಿಯಿಂದ ಆಚೆ ಮನೆ ಕಾಣುತ್ತಿತ್ತು. ಅವಳು ಪರದೆ ಎಳೆದಿದ್ದಳು. ನನಗೆ ಕನ್ನಡ ಹೇಳಿಕೊಡುವುದೂ ನಿಂತಿತು.

ಕೊನೆಗೆ ಹಾರುಕೊ ಆಂಟಿಯೇ ಬಂದರು. ಮಧ್ಯಾಹ್ನದ ನಿದ್ದೆ ಮುಗಿದು ಗಂಡಸರು ಚಹಾ ಕುಡಿಯುತ್ತಿದ್ದ ಹೊತ್ತು. ಊಟದ ದಿನ ಆದದ್ದು ಏನೆಂದು ಅವರ ಗಂಡ ಸೈಟಿನ ಯಾರನ್ನೋ ಕೇಳಿ ತಿಳಿದುಕೊಂಡಿದ್ದರಂತೆ. ಆಂಟಿ ಬಾಗಿಲಲ್ಲೇ ಬಹಳ ಹೊತ್ತು ಬಗ್ಗಿ ನಿಂತರು. ನನಗೆ ಹೆದರಿಕೆಯಾಯಿತು, ದೊಡ್ಡವರು ಅಷ್ಟು ಹೊತ್ತು ಬಗ್ಗಿದ್ದು ನಾನು ನಮಾಜಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಬಟ್ಟೆಯ ಗಂಟಿನಲ್ಲಿ ಕುಂಚ, ಕಲ್ಲು, ಶಾಯಿ ತಂದಿದ್ದರು, ಜೊತೆಗೆ ಹೊಸ ಹಾಳೆ. ಹೊಸದರ ಬದಿಯಲ್ಲಿ ಉಮ್ಮನೇ ತನ್ನ ಹೆಸರು ಬರೆಯಬೇಕು ಎಂಬುದು ಅವರ ಆಸೆ. ಹಾಳೆ ಬಿಡಿಸಿದರು. ಅದೇ ಸೂರು. ಒಳಗೆ ಹಂದಿ ಇಲ್ಲ. ಮೊಣಕಾಲೂರಿ, ಕೈಗಳನ್ನು ಮುಂದೆ ಜೋಡಿಸಿ ಕುಳಿತ ಒಂದು ಆಕಾರ. ರೂಫ್, ಕೆಳಗೆ ವುಮನ್. ಅರ್ಥ ನೆಮ್ಮದಿ. ನಾನು ಅದನ್ನು ಬ್ಯಾರಿಯಲ್ಲಿ ಹೇಳಿದೆ.

ಮೂತಾಪನ ಮುಖ ಅರಳಿತು. ಅವರಿಗೂ ಆ ವಾರ ಹಗುರವಾಗಿ ಕಳೆದಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಇದು ಸರಿ ಉಂಟು ಎಂದರು. ಹೆಂಗಸು ಮನೆಯೊಳಗೆ ಇದ್ದರೆ ನೆಮ್ಮದಿ, ಎಷ್ಟು ಚಂದ ಅಕ್ಷರ, ಅದೇ ಮೊಳೆಗೆ ಹಾಕುವಾ ಎಂದರು. ಉಪ್ಪ ಎದ್ದರು. ಆಗ ಉಮ್ಮ ಚಹಾದ ಟ್ರೇಯನ್ನು ಕೆಳಗಿಟ್ಟು, ನನ್ನ ಕಡೆ ತಿರುಗದೆ, ಮೂತಾಪನ ಮುಖವನ್ನೇ ನೋಡಿ ಕೇಳಿದಳು:

"ಹಂದಿ ಇದ್ದ ಜಾಗಕ್ಕೆ ಈಗ ನಾನಾ?"

ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮೂತಾಪನ ಕೈಯ ಲೋಟ ಬಾಯಿಯ ಹತ್ತಿರ ನಿಂತಿತು. ಆಮೇಲೆ ಒಂದು ಸದ್ದು ಬಂತು, ಕೆಮ್ಮಿನ ಹಾಗೆ. ಅದು ಉಪ್ಪ. ಅವರು ನಗುತ್ತಿದ್ದರು. ತಡೆಯಲು ಹೋಗಿ ಗೋಡೆಯ ಮೊಳೆಯನ್ನು ಹಿಡಿದುಕೊಂಡಿದ್ದರು, ಆದರೂ ನಗು ನಿಲ್ಲಲಿಲ್ಲ. ಹಾರುಕೊ ಆಂಟಿ ನನ್ನನ್ನು ನೋಡಿದರು. ನಾನು ಆ ಮಾತನ್ನು ಇಂಗ್ಲಿಷಿಗೆ ತಂದೆ. ಅವರು ತಮ್ಮದೇ ಹಾಳೆಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ನಿಧಾನವಾಗಿ ಸುತ್ತಿ ಬದಿಗಿಟ್ಟು, ಹಾಗಾದರೆ ನಿನ್ನ ತಾಯಿಗೆ ಯಾವ ಅಕ್ಷರ ಬೇಕು ಕೇಳು ಎಂದರು. ಉಮ್ಮ ತುಂಬ ಯೋಚಿಸಲಿಲ್ಲ.

"ಹೊರಗೆ ಹೋಗುದು. ಅದಕ್ಕೆ ಅಕ್ಷರ ಉಂಟಾ ಕೇಳು."

ಉಂಟು ಎಂದು ಹಾರುಕೊ ಆಂಟಿ ತಲೆಯಾಡಿಸಿದರು. ಟ್ರೇಯಲ್ಲಿ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ತೋರಿಸಿದರು: ಕೆಳಗೆ ಒಂದು ಗುಳಿ, ಅದರ ಮೇಲೆ ಮುಂದಕ್ಕೆ ತಿರುಗಿದ ಒಂದು ಪಾದ, ಬೆರಳುಗಳೊಡನೆ. ಮೂತಾಪ ಏಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಉಮ್ಮ ನೆಲದ ಮೇಲೆ ಕುಳಿತು ಶಾಯಿ ತೇದಳು. ಆ ಸದ್ದನ್ನು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಕುಂಚವನ್ನು ಒಂದಿಷ್ಟು ಹಿಂದಕ್ಕೆ ಒಯ್ದು, ಮುಂದಕ್ಕೆ ಎಳೆದಳು. ಗೆರೆ ಚೆನ್ನಾಗಿ ಬರಲಿಲ್ಲ. ಒಂದು ಕಡೆ ನಡುಗಿತು, ಹೆಬ್ಬೆರಳು ಅಗತ್ಯಕ್ಕಿಂತ ದಪ್ಪವಾಯಿತು. ಬೇರೆ ಕಾಗದ ಕೊಡಲು ಹಾರುಕೊ ಆಂಟಿ ಕೈ ಚಾಚಿದರು. ಉಮ್ಮ ಬೇಡ ಎಂದಳು. ಮೂತಾಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅವರಿಗೆ ಒಮ್ಮೆ ಮೋಸವಾಗಿತ್ತು, ಹಾಗಾಗಿ ಬಹಳ ಹೊತ್ತು ನೋಡಿದರು.

"ಇದೆಂತ ಪ್ರಾಣಿ ಕೇಳು."

"ಪ್ರಾಣಿ ಅಲ್ಲ, ಕಾಲು ಅಂತ ಹೇಳು."

"ಯಾರ ಕಾಲು?"

"ಹೊರಗೆ ಹೋಗುವವರದ್ದು."

ಮೂತಾಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ತಲೆ ಇಲ್ಲ ಎಂದರು, ಯಾರಿಗೂ ಅಲ್ಲ ಎಂಬಂತೆ. ತಲೆ ಇಲ್ಲದ್ದು ಗೋಡೆಯ ಮೇಲೆ ಇದ್ದರೆ ಅಡ್ಡಿ ಇಲ್ಲ, ಅದು ಚಿತ್ರ ಆಗುವುದಿಲ್ಲ, ಓದಿದವರು ಹಾಗೆ ಹೇಳಿದ್ದುಂಟು. ಲೋಟ ಕೆಳಗಿಟ್ಟು, ನಮಾಜಿಗೆ ಕೈಕಾಲು ತೊಳೆದು ವುಝು ಮಾಡಲು ಹೊರಟವರು ಉಮ್ಮನ ಪಕ್ಕದಲ್ಲೇ ಹಾದು, ಅವಳಿಂದ ಒಂದು ಮೊಳ ದೂರದಲ್ಲಿ ನಿಂತು, ಹಾಲ್‌ನ ಆ ತುದಿಯಲ್ಲಿದ್ದ ನನ್ನನ್ನು ಕರೆದರು.

"ಸಂಜೆಯ ಮಗ್ರಿಬ್‌ನ ಬಾಂಗ್ ಕೂಗುವ ಮೊದಲು ಮನೆಗೆ ಬಂದುಬಿಡಬೇಕು ಅಂತ ನಿನ್ನ ಉಮ್ಮನಿಗೆ ಹೇಳು."

ನಾನು ಹತ್ತಿರ ಹೋಗಿ ಹೇಳಿದೆ. ಉಮ್ಮ ಕುಂಚವನ್ನು ಕಲ್ಲಿನ ಅಂಚಿಗೆ ಒರಗಿಸಿಟ್ಟಳು. ಅವಳ ಭುಜ ಇಳಿದಿತ್ತು.

"ಬಾಂಗ್ ಆಚೆ ಮನೆಗೂ ಕೇಳ್ತದೆ ಅಂತ ಹೇಳು."

ನಾನು ಮೂತಾಪನ ಕಡೆ ತಿರುಗಿ ಅದನ್ನೂ ಹೇಳಿದೆ.